ಬಾಗಿಲ ಟೇಬಲ್ಲೂ ಸಾಸ್ವೆಹಳ್ಳಿ ಡಬ್ಬಿಯೂ

ನಮ್ಮ ಅತ್ತೆಯವರು ಇದುವರೆಗೆ ಯಾರ ಮನೆಯ ಪಾತ್ರೆಯನ್ನೂ ಕದ್ದವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನಮ್ಮ ಮನೆಯ ಬಾಗಿಲು ದಾಟಿ ಒಳಗೆ ಬಂದವರು ಯಾರೂ ಇದನ್ನು ನಂಬುವುದಿಲ್ಲ! ಬಾಗಿಲಿಗೆ ನೇರವಾಗಿ ಒಂದು ಟೇಬಲ್ಲು. ಅದರ ಮೇಲೆ ಸ್ಟೀಲಿನ ಡಬ್ಬಿಗಳು, ಬಟ್ಟಲುಗಳು, ಅಂತಸ್ತಿನ ಕ್ಯಾರಿಯರ್ರು, ಮುಚ್ಚಳ ಕಳೆದುಕೊಂಡ ಒಂದು ಬೋಗುಣಿ. ಎಲ್ಲದರ ಮೇಲೂ ಹೆಸರು ಕೊರೆಸಿದೆ. ಒಂದರ ಮೇಲಾದರೂ ನಮ್ಮ ಮನೆಯವರ ಹೆಸರಿಲ್ಲ. ಪೊಲೀಸರು ಬಂದರೆ ಬೇರೆ ಸಾಕ್ಷಿ ಬೇಕೇ?

ಟೇಬಲ್ಲು ಮಾತ್ರ ನನ್ನದು. ಅದರ ಕಥೆಯನ್ನೂ ಸ್ವಲ್ಪ ಹೇಳಬೇಕು.

ನನ್ನ ತವರು ಜಗಳೂರು ಕಡೆಯ ಹಳ್ಳಿ. ನಮ್ಮ ಮನೆಗೆ ಬಂದವರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಬಾಗಿಲ ಪಕ್ಕದ ಗೂಟಕ್ಕೆ ಕಟ್ಟಿದ ಕುರಿಮರಿ. ಕಣ್ಣಿಗಿಂತ ಮೊದಲೇ ಮೂಗಿಗೆ ಗೊತ್ತಾಗುತ್ತಿತ್ತು ಅನ್ನಿ! ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳುವುದಕ್ಕೆ ನನಗೇನೂ ಸಂಕೋಚವಿಲ್ಲ. ಹಾಸ್ಟೆಲ್ಲಿನ ನೀರು ಸಾರು ಕುಡಿದು, ರಜೆ ಬಂದರೆ ಶೇಂಗಾ ಬಿಡಿಸಿ, ಪರೀಕ್ಷೆಯ ಹಿಂದಿನ ದಿನವೂ ಕುರಿಗಳ ಹಿಂದೆ ಓಡಿ ಗಳಿಸಿದ ಡಿಗ್ರಿ ಅದು. ಚನ್ನಗಿರಿಯಲ್ಲಿ ಹೈಸ್ಕೂಲು ಟೀಚರಾಗಿ, ಮದುವೆಯಾಗಿ, ಸಾಲಸೋಲ ಮಾಡಿ ಮನೆ ಕಟ್ಟಿಸಿದ ಮೇಲೆ ನನಗೊಂದು ಆಸೆ ಹುಟ್ಟಿತು. ನಮ್ಮ ಬಾಗಿಲು ತೆಗೆದವರಿಗೆ ಇದು ಓದಿದವರ ಮನೆ ಎಂದು ಮೊದಲ ನೋಟಕ್ಕೇ ತಿಳಿಯಬೇಕು.

ಮೊಬೈಲಿನಲ್ಲಿ ಒಬ್ಬಾಕೆ ಬಾಗಿಲ ಬಳಿಯ ಟೇಬಲ್ಲನ್ನು ಅಲಂಕರಿಸುವುದು ಹೇಗೆಂದು ಹೇಳಿಕೊಡುತ್ತಿದ್ದಳು. ಎತ್ತರದ್ದೊಂದು, ನಡುವಿನದ್ದೊಂದು, ಗಿಡ್ಡದ್ದೊಂದು ವಸ್ತು ಇಡಬೇಕಂತೆ. ಸಮಸಂಖ್ಯೆ ಬೇಡವಂತೆ, ಬೆಸವೇ ಚೆಂದವಂತೆ. ನಡುನಡುವೆ ಜಾಗ ಬಿಟ್ಟು ಟೇಬಲ್ಲಿಗೆ ಉಸಿರಾಡಲು ಕೊಡಬೇಕಂತೆ. ಟೇಬಲ್ಲು ಹೇಗೆ ಉಸಿರಾಡುತ್ತದೋ ನನಗೆ ತಿಳಿಯಲಿಲ್ಲ. ಆದರೂ ಅವಳು ಹೇಳಿದಂತೆಯೇ ಮಾಡಿದೆ. ಎತ್ತರದ ಗಾಜಿನ ಹೂದಾನಿ, ಬೀಗದ ಕೈ ಹಾಕಲು ಒಂದು ಮಣ್ಣಿನ ಬಟ್ಟಲು, ನಡುವೆ ಘಟಿಕೋತ್ಸವದ ದಿನ ಕರಿ ಗೌನು ತೊಟ್ಟು ತೆಗೆಸಿಕೊಂಡ ನನ್ನ ಫೋಟೋ. ಬಾಗಿಲಾಚೆ ಹೋಗಿ, ನೆಂಟರಂತೆ ಒಳಗೆ ಬಂದು, ನಾನೇ ನನ್ನ ಮನೆಯನ್ನು ನೋಡಿ ಬೆರಗಾದೆ!

ಮಾರನೆಯ ದಿನ ಶಾಲೆಯಿಂದ ಬಂದು ನೋಡುತ್ತೇನೆ, ಹೂದಾನಿ ಕಿಟಕಿಗೆ ವರ್ಗವಾಗಿತ್ತು. ಮಣ್ಣಿನ ಬಟ್ಟಲಲ್ಲಿ ಬೆಳ್ಳುಳ್ಳಿ ಕುಳಿತಿತ್ತು. ಎರಡು ಡಬ್ಬಿಗಳ ಸಂದಿಯಿಂದ ನನ್ನ ಫೋಟೋ ಇಣುಕುತ್ತಿತ್ತು, ತುಂಬಿದ ಬಸ್ಸಿನ ಕಿಟಕಿಯಲ್ಲಿ ಮುಖ ಮಾತ್ರ ಕಾಣುವ ಪ್ರಯಾಣಿಕರ ಹಾಗೆ.

"ಅತ್ತೆ, ಇದೇನ್ರಿ ಇದು?"

"ಯಾವುದವ್ವ?"

"ಟೇಬಲ್ ಮ್ಯಾಲೆ ಡಬ್ಬಿ ಯಾಕೆ ಇಟ್ಟೀರಿ?"

"ಬಾಗಿಲ ಹತ್ರ ಟೇಬಲ್ ಯಾಕೆ ಹಾಕ್ಸಿದಿ ಮತ್ತೆ? ಹೊರಗೆ ಹೋಗೋ ಸಾಮಾನು ಕಣ್ಣಿಗೆ ಬೀಳ್ಲಿ ಅಂತ ಅಲ್ವಾ? ನಾನೂ ಅದನ್ನೇ ಅಂದ್ಕಂಡೆ. ಸೊಸಿಗೆ ಎಷ್ಟು ತಿಳುವಳಿಕೆ ಐತೆ ನೋಡು ಅಂತ ಪಕ್ಕದ ಮನೆಯೋರ ಹತ್ರನೂ ಹೇಳಿದೆ."

ಹೊಗಳಿದವರ ಜೊತೆ ಜಗಳ ಆಡುವುದು ಹೇಗೆ?

ವಿಷಯ ಇಷ್ಟೇ. ಬೇರೆಯವರ ಮನೆಯಿಂದ ತಿಂಡಿ ಬಂದ ಪಾತ್ರೆಯನ್ನು ಖಾಲಿ ವಾಪಸು ಕೊಡಬಾರದು. ನಮ್ಮ ಕಡೆ ಯಾರಿಗೆ ಈ ಪದ್ಧತಿ ಗೊತ್ತಿಲ್ಲ? ನನ್ನ ಅವ್ವನೂ ಹಾಗೆಯೇ ಇದ್ದಳು. ಮನೆಯಲ್ಲಿ ಏನೂ ಇಲ್ಲದ ದಿನ ಪಕ್ಕದವರ ಬಟ್ಟಲನ್ನು ಕೈಯಲ್ಲಿ ಹಿಡಿದು ಅಡುಗೆಮನೆಯನ್ನೆಲ್ಲ ಒಂದು ಸುತ್ತು ನೋಡಿ, ಕೊನೆಗೆ ಒಂದಿಷ್ಟು ಶೇಂಗಾ ಕಾಳು ಹಾಕಿ ಕಳಿಸುತ್ತಿದ್ದಳು. ಆದರೆ ಎಲ್ಲರಿಗೂ ಇದು ಪದ್ಧತಿ. ನಮ್ಮತ್ತೆಗೆ ಮಾತ್ರ ಇದು ವ್ರತ! ಬೇರೆಯವರು ಒಂದು ಹಿಡಿ ಸಕ್ಕರೆ ಹಾಕಿ ಮುಗಿಸುತ್ತಾರೆ. ಇವರು ಹಾಗಲ್ಲ. ಯಾರ ಡಬ್ಬಿಗೆ ಏನು ಸಲ್ಲಬೇಕು ಎಂದು ವಾರಗಟ್ಟಲೆ ಯೋಚಿಸುತ್ತಾರೆ. ಸಕ್ಕರೆ ಕಾಯಿಲೆಯವರ ಡಬ್ಬಿಗೆ ಸಿಹಿ ಇಲ್ಲ. ಹಲ್ಲಿಲ್ಲದವರಿಗೆ ಚಕ್ಕುಲಿ ಇಲ್ಲ. ಸೊಸೆಯ ಜೊತೆ ಮಾತು ಬಿಟ್ಟವರ ಡಬ್ಬಿಗೆ ಅತ್ತೆ ಸೊಸೆ ಇಬ್ಬರಿಗೂ ಬೇಕಾದ ಕೋಡುಬಳೆ. ಇಬ್ಬರೂ ಒಂದೇ ಡಬ್ಬಿಗೆ ಕೈ ಹಾಕಲಿ ಅಂತ! ಹೀಗೆ ಯೋಚಿಸುತ್ತಾ ಕೂತರೆ ಡಬ್ಬಿಗಳು ಜಮೆಯಾಗದೆ ಇನ್ನೇನು?

ಎದುರು ಮನೆಯವರ ಜೊತೆ ಒಂದು ಬಟ್ಟಲು ಅದೆಷ್ಟೋ ಕಾಲದಿಂದ ರಸ್ತೆ ದಾಟುತ್ತಿತ್ತು. ಮೊದಲು ಯಾರು ಕೊಟ್ಟರು, ಏನು ಕೊಟ್ಟರು ಎಂಬುದು ಎರಡೂ ಮನೆಯವರಿಗೆ ಮರೆತುಹೋಗಿದೆ. ಅವರು ನ್ಯಾಮತಿಗೆ ಮನೆ ಖಾಲಿ ಮಾಡಿಕೊಂಡು ಹೋದಾಗ ಬಟ್ಟಲು ನಮ್ಮ ಮನೆಯಲ್ಲಿ ಉಳಿಯಿತು. ಇನ್ನು ಇದು ಇಲ್ಲಿಗೆ ಮುಗಿಯಿತು ಎಂದು ನಾನು ಸಮಾಧಾನ ಪಟ್ಟುಕೊಂಡೆ. ಅತ್ತೆ ಅದರಲ್ಲಿ ಮಾವಿನಕಾಯಿ ಉಪ್ಪಿನಕಾಯಿ ತುಂಬಿಕೊಂಡು ಬಸ್ಸು ಹತ್ತಿ ನ್ಯಾಮತಿಗೆ ಹೋದರು. ಸಂಜೆ ವಾಪಸು ಬಂದಾಗ ಮುಖ ಅರಳಿತ್ತು.

"ಅಬ್ಬಾ, ಒಂದು ಋಣ ಮುಗೀತಲ್ರಿ ಅತ್ತೆ," ಅಂದೆ.

"ಮುಗ್ಯಾಕೆ ಹೆಂಗೆ ಸಾಧ್ಯ? ಬರಿಗೈಲಿ ಕಳಿಸ್ತಾರಾ ಅವ್ರು?" ಎನ್ನುತ್ತಾ ಚೀಲದಿಂದ ಒಂದು ಡಬ್ಬಿ ತೆಗೆದು ಟೇಬಲ್ಲಿನ ಮೇಲಿಟ್ಟರು. ಬಟ್ಟಲಿಗಿಂತ ಎರಡು ಪಟ್ಟು ದೊಡ್ಡದು!

ನಮ್ಮ ಶಾಲೆಯ ಹೆಡ್‌ಮಿಸ್ಸು ಒಮ್ಮೆ ಮನೆಗೆ ಬಂದರು. ಅವರು ಬರುವ ಮೊದಲು ಟೇಬಲ್ಲನ್ನು ಬಚಾವು ಮಾಡಬೇಕೆಂದು ಓಡಿ ಬಂದರೆ, ಅವರು ನನಗಿಂತ ಮೊದಲೇ ಬಂದು ಟೇಬಲ್ಲಿನ ಮುಂದೆ ನಿಂತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಡಬ್ಬಿಗಳನ್ನು ಒಂದೊಂದಾಗಿ ನೋಡುತ್ತಾ ಬಂದು ಒಂದನ್ನು ಕೈಗೆತ್ತಿಕೊಂಡರು.

"ಅಲ್ರೀ ಟೀಚರೇ, ಇದು ನಮ್ಮನೇದು! ನಿಮಗೆ ಕೊಟ್ಟಿದ್ದೇ ಮರೆತು ವರ್ಷದಿಂದ ಹುಡುಕ್ತಾ ಇದೀನಿ. ಕೆಲಸದೋಳ ಮ್ಯಾಲೆ ಅನುಮಾನ ಪಟ್ಟಿದ್ದೆ."

ಅತ್ತೆ ಒಳಗಿನಿಂದ ಬಂದವರೇ ಅವರ ಕೈಯಿಂದ ಡಬ್ಬಿ ಕಿತ್ತುಕೊಂಡರು. "ಹಂಗೆಲ್ಲ ಒಯ್ಯಾಕೆ ಬರಲ್ಲ ತಾಯಿ. ಕುಂತ್ಕಳ್ರಿ. ನಿಮ್ಮ ಡಬ್ಬಿಗೆ ಏನು ಅಂತ ಇನ್ನೂ ತೀರ್ಮಾನ ಆಗಿಲ್ಲ."

ತಮ್ಮ ಡಬ್ಬಿಗಾಗಿ ತಾವೇ ಕಾಯುತ್ತಾ ಹೆಡ್‌ಮಿಸ್ಸು ಬಹಳ ಹೊತ್ತು ಕುಳಿತರು. ಹೋಗುವಾಗ ಡಬ್ಬಿ ತುಂಬ ಬಿಸಿ ಬಿಸಿ ಮಂಡಕ್ಕಿ ಒಗ್ಗರಣೆ. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಅವರು ಹೊಗಳಿದ್ದು ನನ್ನ ಮನೆಯನ್ನಲ್ಲ, ಫೋಟೋವನ್ನಲ್ಲ, ಆ ಮಂಡಕ್ಕಿಯನ್ನು!

ಒಂದು ದಿನ ಸೋತು, ಡಬ್ಬಿ ಇಡುವುದಾದರೆ ಮೊಬೈಲಿನವಳು ಹೇಳಿದಂತೆ ಚೆಂದವಾಗಿಯಾದರೂ ಇಡೋಣ ಎಂದು ಹೊರಟೆ. ನೋಡುತ್ತೇನೆ, ಎತ್ತರದ ಕ್ಯಾರಿಯರ್ರು ಹಿಂದೆ, ನಡುವಿನ ಡಬ್ಬಿಗಳು ಮುಂದೆ, ಗಿಡ್ಡ ಬಟ್ಟಲು ಕೊನೆಗೆ. ಲೆಕ್ಕ ಹಾಕಿದೆ. ಬೆಸ ಸಂಖ್ಯೆ! ಅತ್ತೆ ಆ ವಿಡಿಯೋ ನೋಡಿಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ. ಉಸಿರಾಡುವ ಜಾಗವೊಂದು ಮಾತ್ರ ಇರಲಿಲ್ಲ.

ಅಲ್ಲ, ಅದೂ ಇತ್ತು. ಟೇಬಲ್ಲಿನ ಗೋಡೆ ಬದಿಯ ಮೂಲೆಯಲ್ಲಿ ಒಂದು ಡಬ್ಬಿ ಒಂಟಿಯಾಗಿ ಕೂತಿರುತ್ತಿತ್ತು. ಅದರ ಪಕ್ಕಕ್ಕೆ ಬೇರೆ ಯಾವುದನ್ನೂ ಅತ್ತೆ ಬಿಡುತ್ತಿರಲಿಲ್ಲ. ಹೊಟ್ಟೆಗೊಂದು ನೆಗ್ಗು ಬಿದ್ದ ಮುಚ್ಚಳದ ಡಬ್ಬಿ. ಅದು ಸಾಸ್ವೆಹಳ್ಳಿಯಲ್ಲಿರುವ ಅತ್ತೆಯ ತಂಗಿಯದು. ನನಗೆ ಚಿಕ್ಕತ್ತೆ. ಅಕ್ಕತಂಗಿಯರು ಮಾತು ಬಿಟ್ಟು ಎರಡು ವರ್ಷಕ್ಕೆ ಬಂದಿತ್ತು. ಇಬ್ಬರ ನಡುವೆ ಉಳಿದಿದ್ದದ್ದು ಆ ಡಬ್ಬಿ ಒಂದೇ.

ಮಾತು ಬಿಟ್ಟದ್ದು ಒಂದು ಸೀರೆಗೆ. ಚಿಕ್ಕತ್ತೆ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದರು. ಊಟ ಮುಗಿದ ಮೇಲೆ ಅಕ್ಕನಿಗೆ ಅರಿಶಿನ ಕುಂಕುಮ ಕೊಟ್ಟು, ಕವರಿನಲ್ಲಿ ಸೀರೆ ಇಟ್ಟು ಉಡಿ ತುಂಬಿದರು. ಅತ್ತೆ ಮನೆಗೆ ಬಂದು ಬಿಚ್ಚಿ ನೋಡಿದರೆ ಬದನೆಕಾಯಿ ಬಣ್ಣದ, ಕೆಂಪು ಸೆರಗಿನ ಇಳಕಲ್ ಸೀರೆ. ಬಹಳ ಹಿಂದೆ ತಾವೇ ತಂಗಿಗೆ ಕೊಟ್ಟದ್ದು! ಅನುಮಾನಕ್ಕೆ ಎಡೆಯೇ ಇರಲಿಲ್ಲ. ಹೊಸ ಸೀರೆ ಕೊಡುವಾಗ ಮೂಲೆಗೆ ಒಂದು ಬೊಟ್ಟು ಅರಿಶಿನ ಹಚ್ಚುತ್ತೇವಲ್ಲ, ಅತ್ತೆ ಅಂದು ಹಚ್ಚಿದ ಬೊಟ್ಟು ಮಾಸಿ ಅಲ್ಲೇ ಇತ್ತು. ಅದರ ಪಕ್ಕದಲ್ಲಿ ತಂಗಿ ಹಚ್ಚಿದ ಹೊಸ ಬೊಟ್ಟು.

"ಬಂದ ನೆಂಟರಿಗೆಲ್ಲ ಅಂಗಡಿಯಿಂದ ಹೊಸ ಸೀರೆ. ಒಡಹುಟ್ಟಿದೋಳಿಗೆ ಮಾತ್ರ ನಾನು ಕೊಟ್ಟಿದ್ದು ನನಗೇ!" ಅತ್ತೆ ಆವತ್ತು ಅಂದದ್ದು ಇಷ್ಟು. ಸೀರೆ ಪೆಟ್ಟಿಗೆಯ ತಳ ಸೇರಿತು. ಫೋನು ಬಂದರೆ ಎತ್ತಲಿಲ್ಲ. ಕೊನೆಗೆ ಫೋನು ಬರುವುದೂ ನಿಂತಿತು.

ಆದರೆ ಗೃಹಪ್ರವೇಶಕ್ಕೆ ಮೊದಲೇ ಚಿಕ್ಕತ್ತೆ ಎಳ್ಳುಂಡೆ ಕಳಿಸಿದ್ದ ಡಬ್ಬಿ ಇಲ್ಲೇ ಉಳಿದಿತ್ತು. ಪ್ರತಿ ಹಬ್ಬಕ್ಕೂ ಅತ್ತೆ ಅದನ್ನು ಇಳಿಸುತ್ತಿದ್ದರು. ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಒರೆಸುತ್ತಿದ್ದರು. ಮುಚ್ಚಳ ತೆಗೆದು ಒಳಗೆ ನೋಡುತ್ತಾ ಕೂರುತ್ತಿದ್ದರು.

"ಏನಾದ್ರೂ ಹಾಕಿ ಕಳಿಸಿಬಿಡ್ರಿ ಅತ್ತೆ," ಎಂದು ನಾನು ಹೇಳಿದರೆ ಸಿಟ್ಟು.

"ಏನು ಹಾಕ್ಲಿ ಹೇಳು? ಸಿಹಿ ಹಾಕಿದ್ರೆ ಅಕ್ಕ ಸೋತ್ಲು ಅಂತಾಳೆ. ಖಾರ ಹಾಕಿದ್ರೆ ಇನ್ನೂ ಸಿಟ್ಟೈತೆ ಅಂತಾಳೆ. ನೀನು ಓದಿದೋಳು, ನೀನೇ ಹೇಳು."

ನಾನು ಓದಿದ ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರವಿರಲಿಲ್ಲ. ಡಬ್ಬಿ ಮತ್ತೆ ಮೂಲೆಗೆ ಹೋಗಿ ಕೂರುತ್ತಿತ್ತು. ನಿಧಾನವಾಗಿ ನನಗೆ ಅರ್ಥವಾಯಿತು. ಡಬ್ಬಿ ಇಲ್ಲಿರುವ ತನಕ ಮಾತು ಬಿಟ್ಟಿದ್ದರೂ ವ್ಯವಹಾರ ಬಾಕಿ ಇದೆ ಎಂದೇ ಲೆಕ್ಕ. ಅದು ಹೋಗಿಬಿಟ್ಟರೆ? ಅದಕ್ಕೇ ಅತ್ತೆ ಕಳಿಸಲೂ ಆರದೆ, ಇಟ್ಟುಕೊಳ್ಳಲೂ ಆರದೆ ಇದ್ದರು.

ಇಂಥ ಸೂಕ್ಷ್ಮ ಇರುವ ಮನೆಯಲ್ಲಿ ನಮ್ಮ ಯಜಮಾನರಿಗೆ ಒಂದು ದಿನ ಉಪಕಾರ ಮಾಡುವ ಬುದ್ಧಿ ಬಂತು!

ಅವರದು ಬೀಜ ಗೊಬ್ಬರದ ಅಂಗಡಿ. ಮನೆಯ ಯಾವ ತಂಟೆಗೂ ಬಾರದ ಸಾಧು ಮನುಷ್ಯ. ಅತ್ತೆ ಉಬ್ರಾಣಿಗೆ ನೆಂಟರ ಮನೆಗೆ ಹೋಗಿದ್ದರು, ನಾನು ಶಾಲೆಯಲ್ಲಿದ್ದೆ. ಹೆಂಡತಿಗೆ ಅವಳ ಟೇಬಲ್ಲು ಸಿಗಲಿ ಎಂದು ಯಜಮಾನರು ಎಲ್ಲ ಡಬ್ಬಿಗಳನ್ನೂ ತೊಳೆದು, ಎರಡು ಚೀಲಕ್ಕೆ ತುಂಬಿ, ಬೈಕಿಗೆ ನೇತು ಹಾಕಿಕೊಂಡು ಊರೆಲ್ಲ ಹಂಚಿ ಬಂದರು. ಕೆಲಸದ ಮೇಲೆ ಹೊನ್ನಾಳಿಗೆ ಹೋಗುವುದಿತ್ತಂತೆ, ದಾರಿಯಲ್ಲಿ ಸಾಸ್ವೆಹಳ್ಳಿಯ ಡಬ್ಬಿಯನ್ನೂ ಮುಟ್ಟಿಸಿಬಿಟ್ಟರು. ನಾನು ಬರುವ ಹೊತ್ತಿಗೆ ಟೇಬಲ್ಲಿನ ಮೇಲೆ ಹೂದಾನಿ, ಮಣ್ಣಿನ ಬಟ್ಟಲು, ಗೌನು ತೊಟ್ಟ ನಾನು. ಯಜಮಾನರು ಬಹುಮಾನಕ್ಕೆ ಕಾಯುವವರಂತೆ ಪಕ್ಕದಲ್ಲಿ ನಿಂತಿದ್ದರು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಗಾಬರಿಯಿಂದ ಬಂದರು. "ಏನಾತ್ರಿ ಟೀಚರ್ರೇ? ಅಮ್ಮಾರು ಹುಷಾರಾಗಿದಾರಲ್ವಾ? ಡಬ್ಬಿ ಖಾಲಿ ಬಂತು, ನನಗೆ ಎದಿ ಧಸಕ್ ಅಂತು!" ಅವರ ಹಿಂದೆಯೇ ಇನ್ನೊಬ್ಬರು. ಆಮೇಲೆ ಹೆಡ್‌ಮಿಸ್ಸಿನ ಫೋನು. ಬದುಕಿರುವ ಅತ್ತೆಗಾಗಿ ಸಂತಾಪ ಸ್ವೀಕರಿಸುವುದರಲ್ಲೇ ಸಂಜೆಯಾಯಿತು.

ಅತ್ತೆ ಬಂದವರು ಬಾಗಿಲಲ್ಲೇ ನಿಂತರು. ಟೇಬಲ್ಲು ನೋಡಿದರು. ಮೂಲೆ ನೋಡಿದರು.

"ಸಾಸ್ವೆಹಳ್ಳಿದು ಎಲ್ಲೈತೆ?"

"ಕೊಟ್ ಬಂದೆ ಕಣವ್ವ. ಚಿಕ್ಕಮ್ಮ ಹೊಲಕ್ಕೆ ಹೋಗಿದ್ರು, ಸೊಸಿ ಕೈಗೆ ಕೊಟ್ಟೆ," ಅಂದರು ಯಜಮಾನರು.

"ಏನು ಹಾಕಿ ಕೊಟ್ಟಿ?"

"ಏನೂ ಇಲ್ಲ. ಫಳಫಳ ಹೊಳಿಯೋ ಹಂಗೆ ತೊಳ್ದು ಕೊಟ್ಟೀನಿ."

ಅತ್ತೆ ಬೈಯುತ್ತಾರೆ ಎಂದು ನಾವಿಬ್ಬರೂ ಕಾದೆವು. ಅವರು ಬೈಯಲಿಲ್ಲ. "ಮುಗೀತು ಬಿಡು," ಅಂದರು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಆಮೇಲಿನ ದಿನಗಳಲ್ಲಿ ನನ್ನ ಟೇಬಲ್ಲು ಮೊಬೈಲಿನವಳದಕ್ಕಿಂತ ಚೆಂದವಾಗಿತ್ತು. ಬೇಕಾದಷ್ಟು ಉಸಿರಾಡಿಕೊಂಡಿತ್ತು. ಪಕ್ಕದ ಮನೆಯಿಂದ ಪಾಯಸ ಬಂದರೆ ಅತ್ತೆ ಅದನ್ನು ನಮ್ಮ ಪಾತ್ರೆಗೆ ಸುರಿದುಕೊಂಡು, ಬಟ್ಟಲಿಗೆ ಒಂದು ಚಮಚ ಸಕ್ಕರೆ ಹಾಕಿ ಅಲ್ಲೇ ಕೊಟ್ಟು ಕಳಿಸಿದರು. ಎಲ್ಲರೂ ಮಾಡುವ ಹಾಗೆ. ನಾನು ಬಯಸಿದ್ದು ಇದನ್ನೇ ಅಲ್ಲವೇ? ಆದರೂ ಶಾಲೆಯಿಂದ ಬಂದು ಬಾಗಿಲು ತೆಗೆದರೆ ಬೇರೆ ಯಾರದೋ ಮನೆಗೆ ಬಂದ ಹಾಗಿರುತ್ತಿತ್ತು. ಫೋಟೋದಲ್ಲಿನ ಕರಿ ಗೌನಿನ ಹುಡುಗಿ ಬಾಗಿಲನ್ನೇ ನೋಡುತ್ತಿದ್ದಳು. ಅವಳ ಜೊತೆಗೆ ಯಾರೂ ಇರಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಗೇಟಿನ ಚಿಲಕ ಸದ್ದಾಯಿತು. ಸದ್ದಿನ ಹಿಂದೆಯೇ ದನಿ.

"ಎಲ್ಲದಾಳೆ ನಿಮ್ಮತ್ತೆ? ಕರಿಯೇ ಹೊರಗೆ! ನಾನಿನ್ನೂ ಸತ್ತಿಲ್ಲ ಅಂತ ಹೇಳು!"

ಚಿಕ್ಕತ್ತೆ! ಮೊದಲ ಬಸ್ಸಿಗೇ ಬಂದಿದ್ದರು. ಕಂಕುಳಲ್ಲಿ ಚೀಲ, ಮುಖದಲ್ಲಿ ಬೆಂಕಿ. ನಾನು ಕೊಟ್ಟ ನೀರಿನ ಚೊಂಬು ಮುಟ್ಟಲಿಲ್ಲ. ಅತ್ತೆ ಅಡುಗೆಮನೆಯಿಂದ ಬಂದು ಟೇಬಲ್ಲಿನ ಆಚೆ ಬದಿಗೆ ನಿಂತರು. ನಡುವೆ ನನ್ನ ಫೋಟೋ, ಪಂಚಾಯ್ತಿಗೆ ಬಂದವರ ಹಾಗೆ.

"ಖಾಲಿ ಡಬ್ಬಿ ಕಳಿಸ್ತೀಯಾ? ನನಗೆ? ಎರಡು ವರ್ಷ ಇಟ್ಕಂಡು ತೊಳ್ದು ಕಳಿಸ್ತೀಯಾ? ಸೊಸಿ ಮುಂದೆ ನನ್ನ ಮಾನ ಏನಾಗ್ಬೇಕು?"

"ನಾನು ಕಳಿಸ್ಲಿಲ್ಲ. ನನ್ನ ಮಗ ಕೊಟ್ಟ."

"ಮಗನ ಮ್ಯಾಲೆ ಹಾಕಬ್ಯಾಡ! ಅವನು ಹುಟ್ಟಿದಾಗ್ಲಿಂದ ಸ್ವಂತ ಬುದ್ಧಿಲಿ ಒಂದು ಕೆಲಸ ಮಾಡಿಲ್ಲ."

ಯಜಮಾನರು ಪೇಪರಿನ ಹಿಂದೆ ಇನ್ನಷ್ಟು ಮರೆಯಾದರು.

"ನನ್ನ ಋಣ ಬ್ಯಾಡ ಅಂದ್ರೆ ನಿನ್ನದೂ ನನಗೆ ಬ್ಯಾಡ. ತಗ!" ಎನ್ನುತ್ತಾ ಚಿಕ್ಕತ್ತೆ ಚೀಲದಿಂದ ಡಬ್ಬಿ ತೆಗೆದು ಟೇಬಲ್ಲಿನ ಮೇಲೆ ಕುಕ್ಕಿದರು.

ಖಾಲಿ ಡಬ್ಬಿ ಕುಕ್ಕಿದರೆ ಠಣ್ ಎನ್ನುತ್ತದೆ. ಇದು ದಪ್ ಎಂದಿತು.

ಎಲ್ಲರಿಗೂ ಕೇಳಿಸಿತು. ಅತ್ತೆ ಡಬ್ಬಿಯನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು, "ಏನು ತಂದಿ?"

"ಮಣ್ಣು! ಮಣ್ಣು ತುಂಬ್ಕಂಡು ಬಂದೀನಿ!"

"ಮಣ್ಣಿಗೆ ಯಾಲಕ್ಕಿ ಯಾಕೆ ಹಾಕಿದಿ?"

ಯಜಮಾನರ ಪೇಪರು ಅಲುಗಾಡಿತು. ಚಿಕ್ಕತ್ತೆಗೆ ನಗು ಬಂತೋ ಅಳು ಬಂತೋ, ಅಂತೂ ಬೆಂಕಿ ಆರಿತು. "ಮತ್ತೆ ಖಾಲಿ ಹೆಂಗೆ ತರಾಕೆ ಬರ್ತದೆ? ನಿನ್ನ ಹಂಗೆ ಅಂದ್ಕಂಡಿಯಾ ನನ್ನ?" ಎಂದು ಅಲ್ಲೇ ಕುರ್ಚಿಯ ಮೇಲೆ ಕುಸಿದರು. ಜಗಳ ಆಡಲೆಂದು ಬಂದ ಹೆಂಗಸು ಬೆಳಕು ಹರಿಯುವ ಮುಂಚೆಯೇ ಎದ್ದು ರವೆ ಉಂಡೆ ಕಟ್ಟಿಕೊಂಡು ಬಂದಿದ್ದರು!

"ನನ್ನ ಸೀರೆ ನನಗೇ ಕೊಟ್ಟಿಯಲ್ಲೇ ನೀನು," ಅಂದರು ಅತ್ತೆ. ಎರಡು ವರ್ಷ ಒಳಗಿಟ್ಟುಕೊಂಡದ್ದು ಅಷ್ಟು ಸಣ್ಣ ದನಿಯಲ್ಲಿ ಹೊರಬಂತು.

ಚಿಕ್ಕತ್ತೆ ತಲೆ ಎತ್ತಿದರು. "ಅದಕ್ಕಾ? ಅದಕ್ಕಾ ಮಾತು ಬಿಟ್ಟಿದ್ದು?"

"ಮತ್ತಿನ್ಯಾತಕ್ಕೆ?"

"ಅಕ್ಕಾ, ಬಂದೋರಿಗೆಲ್ಲ ಅಂಗಡಿ ಸೀರೆ ಒಂದೇ ಕಟ್ಟಿನಾಗೆ ತರ್ಸಿದ್ದೆ. ಅದನ್ನೇ ನಿನಗೂ ಕೊಡಾಕೆ ಮನಸ್ಸು ಬರಲಿಲ್ಲ. ನೀನು ಬಂದೋರಾ? ಪೆಟ್ಟಿಗೆ ತೆಗೆದು ಎಲ್ಲ ಹುಡುಕಿದೆ. ನಿನಗೆ ಕೊಡೋ ಲಾಯಕ್ಕಿನ ಸೀರೆ ನನ್ನ ಹತ್ರ ಅದೊಂದೇ ಇತ್ತು. ಯಾರು ಕೊಟ್ಟಿದ್ದು ಅಂತ ನನಗೆ ಗೊತ್ತಿಲ್ವಾ? ನೀನು ಕೊಟ್ಟಿದ್ದು ಅಂತ್ಲೇ ಉಡದೇ ಇಟ್ಟಿದ್ದೆ. ಹೊಲ ಮನಿ ಅಂತ ತಿರುಗೋಳು ನಾನು, ಯಾವಾಗ ಉಡ್ಲಿ ಅದನ್ನ?"

ಅತ್ತೆ ಟೇಬಲ್ಲು ಸುತ್ತಿಕೊಂಡು ಈಚೆ ಬಂದು, ನಾನು ಇಟ್ಟಿದ್ದ ಚೊಂಬನ್ನು ಎತ್ತಿ ತಂಗಿಯ ಕೈಗೆ ಕೊಟ್ಟರು. "ಮೊದಲು ನೀರು ಕುಡಿ. ಗಂಟ್ಲು ಒಣಗೈತೆ, ಬೈಯಾಕೆ ಸುಸ್ತಾಗ್ತದೆ."

ಆ ಮಧ್ಯಾಹ್ನ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ಸಂಜೆ ಹೊರಟಾಗ ಚಿಕ್ಕತ್ತೆ ಡಬ್ಬಿ ಮುಟ್ಟಲಿಲ್ಲ. "ಅದು ಇಲ್ಲೇ ಇರ್ಲಿ. ಖಾಲಿ ಆದ ಮ್ಯಾಲೆ ನೀನೇ ತಗಂಡು ಬಾ. ಮಗನ ಕೈಲಿ ಮಾತ್ರ ಕಳಿಸಬ್ಯಾಡ!"

ಡಬ್ಬಿ ತನ್ನ ಮೂಲೆಗೆ ಬಂದು ಕೂತಿತು. ಕೆಲವೇ ದಿನದಲ್ಲಿ ಅದರ ಸುತ್ತ ಊರಿನ ಬೋಗುಣಿಗಳೂ ಬಂದು ಸೇರಿದವು. ಹೂದಾನಿಯನ್ನು ನಾನೇ ಕಿಟಕಿಗೆ ಸಾಗಿಸಿದೆ.

ಮುಂದಿನ ಹಬ್ಬ ಮುಗಿದ ಬೆಳಗ್ಗೆ ಅತ್ತೆ ಡಬ್ಬಿ ತುಂಬುತ್ತಿದ್ದರು. ಇಣುಕಿ ನೋಡಿದೆ. ತಳದಲ್ಲಿ ಕೆಂಪು ಖಾರದ ಶೇಂಗಾ ಚಟ್ನಿಪುಡಿ, ಅದರ ಮೇಲೆ ಬಾಳೆಲೆಯ ಚೂರು, ಎಲೆಯ ಮೇಲೆ ಬೇಸನ್ ಉಂಡೆ. "ಸಿಹಿನಾ ಖಾರನಾ ಅಂತ ಇಷ್ಟು ದಿನ ತಲಿ ಕೆಡಿಸ್ಕಂಡಿದ್ದೆ ನೋಡವ್ವ. ಎರಡೂ ಇರ್ಲಿ. ಎರಡೂ ಐತಲ್ಲ," ಅಂದರು.

ಬದನೆಕಾಯಿ ಬಣ್ಣದ ಇಳಕಲ್ ಸೀರೆ ಉಟ್ಟಿದ್ದರು. ಯಾರೂ ಉಡದೆ ಎರಡು ಪೆಟ್ಟಿಗೆಗಳಲ್ಲಿ ಮಲಗಿದ್ದ ಸೀರೆಯ ಮಡಿಕೆಯ ಗೆರೆಗಳು ಎದ್ದು ಕಾಣುತ್ತಿದ್ದವು. ಸೆರಗಿನ ಮೂಲೆಯಲ್ಲಿ ಎರಡು ಅರಿಶಿನದ ಬೊಟ್ಟು, ಒಂದರ ಪಕ್ಕ ಒಂದು. ಹೊಸ್ತಿಲು ದಾಟಿದವರು ಏನೋ ನೆನಪಾಗಿ ಹಿಂದಿರುಗಿದರು. ಕ್ಯಾರಿಯರ್ರಿನ ಹಿಂದಿದ್ದ ನನ್ನ ಫೋಟೋವನ್ನು ಎತ್ತಿ, ಸೆರಗಿನಿಂದ ಗಾಜು ಒರೆಸಿ, ಡಬ್ಬಿ ಇದ್ದ ಮೂಲೆಯಲ್ಲಿ ಮುಂದಕ್ಕೆ ಇಟ್ಟರು. "ನಾನು ಬರೋ ತನಕ ಬಾಗಿಲು ನೋಡ್ಕ. ಬಂದೋರನ್ನ ಹಂಗೇ ಕಳಿಸಬ್ಯಾಡ," ಎಂದು ಫೋಟೋಗೆ ಹೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ನನಗಲ್ಲ!

ಬಸ್ ಸ್ಟ್ಯಾಂಡಿನ ತನಕ ಜೊತೆಗೆ ಹೋದೆ. ಸೀಟು ಸಿಕ್ಕಿತು. ಚೀಲವನ್ನು ಮೇಲಿಡುತ್ತೇನೆಂದು ಕಂಡಕ್ಟರು ಕೈ ಚಾಚಿದರೆ ಅತ್ತೆ ಬಿಡಲಿಲ್ಲ, ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ತಬ್ಬಿಕೊಂಡರು.

"ಅಂಥಾದ್ದೇನೈತ್ರಿ ಅಜ್ಜಿ ಅದರಾಗೆ?" ಎಂದು ಆತ ನಕ್ಕ.

ಅತ್ತೆ ಉಂಡೆ ಎನ್ನಲಿಲ್ಲ, ಚಟ್ನಿ ಎನ್ನಲಿಲ್ಲ. ಸೆರಗು ಸರಿಮಾಡಿಕೊಂಡು, ಹಿಂದಿನ ಸೀಟಿನವರಿಗೂ ಕೇಳುವಷ್ಟು ಜೋರಾಗಿ ಹೇಳಿದರು:

"ನನ್ನ ತಂಗಿ ಡಬ್ಬಿ ಕಣಪ್ಪ."